ಹಿಂದಿನ ಸಾಲಿನ ಬಾಯಿ

ಸವದತ್ತಿಯ ನಮ್ಮ ಕಚೇರಿಯ ಒಂದು ಕಂಪ್ಯೂಟರಿಗೆ ಗಂಟೆಯ ದನಿಯನ್ನು ಜೋಡಿಸಿದ್ದೆವು. ಕಾಲುವೆ ನೀರಿನ ಪಾಳಿಯನ್ನು ತಿಳಿಸುವ ಸಂದೇಶವು ಯಾವುದಾದರೂ ರೈತರ ಮೊಬೈಲಿಗೆ ತಲುಪದೆ ಹೋದರೆ ಅದು ಒಮ್ಮೆ ಟಿಣ್ ಎನ್ನುತ್ತಿತ್ತು. ಮೇಜಿನ ಮುಂದೆ ಕುಳಿತವರು ಆ ರೈತರ ಮನೆಗೋ ಪಕ್ಕದ ಹೊಲದವರಿಗೋ ಫೋನ್ ಹಚ್ಚಿ ವಿಷಯ ಮುಟ್ಟಿಸುತ್ತಿದ್ದರು. ಫೋನ್ ಬಂದ್ ಆದವರು, ಸಿಮ್ ಬದಲಿಸಿದವರು, ನೆಟ್‌ವರ್ಕ್ ಸಿಗದ ಹೊಲದಲ್ಲಿ ನಿಂತವರು ಎಂದು ದಿನವಿಡೀ ಆ ಗಂಟೆಗೆ ಬಿಡುವಿರುತ್ತಿರಲಿಲ್ಲ. ಅದು ಒಮ್ಮೆಯೂ ಬಡಿಯದ ಮಧ್ಯಾಹ್ನವೊಂದನ್ನು ನಾನು ಕಂಡಿದ್ದೇನೆ. ಆ ಮೌನವನ್ನು ಯಶಸ್ಸೆಂದು ತಿಳಿದು ನಾವು ಚಹಾ ತರಿಸಿಕೊಂಡು ಕುಡಿದೆವು.

ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಕಾಲುವೆಗಳ ಕೆಳಗೆ ನೀರು ಬಳಕೆದಾರರ ಸಂಘಗಳು ಊರೂರಿಗೆ ಇವೆ. ಅಂಥ ಕೆಲವು ಸಂಘಗಳು ಕೂಡಿ ಕಟ್ಟಿಕೊಂಡ ಒಕ್ಕೂಟದಲ್ಲಿ ತರಬೇತಿಯ ಹೊಣೆ ನನ್ನದಾಗಿತ್ತು. ಯಾವ ಹೊಲಕ್ಕೆ ಯಾವ ಹೊತ್ತಿಗೆ ನೀರು ಬರುತ್ತದೆಂದು ತಿಳಿಸುವ ಕೆಲಸವೆಲ್ಲ ಒಂದು ಕ್ಲಸ್ಟರಿನ ಮೇಲೆ ನಡೆಯುತ್ತಿತ್ತು. ಕ್ಲಸ್ಟರ್ ಎಂದರೆ ದೂರದ ಯಾವುದೋ ನಗರದ ಕಟ್ಟಡದಲ್ಲಿ ಒಟ್ಟಾಗಿ ದುಡಿಯುವ ಕಂಪ್ಯೂಟರುಗಳ ಗುಂಪು. ನಾವು ಅದನ್ನು ಬಾಡಿಗೆಗೆ ಪಡೆದಿದ್ದೆವು. ಅದರ ಪಾಲನೆ, ಪೋಷಣೆ, ದುರಸ್ತಿಯೆಲ್ಲ ಬಾಡಿಗೆಗೆ ಕೊಟ್ಟವರದು. ಆ ಕಂಪ್ಯೂಟರುಗಳು ತಾವು ಮಾಡಿದ ಪ್ರತಿಯೊಂದು ಕೆಲಸವನ್ನೂ ಒಂದೊಂದು ಸಾಲಿನಲ್ಲಿ ಬರೆಯುತ್ತ ಹೋಗುತ್ತವೆ. ಇಂಥ ಹೊತ್ತಿಗೆ ಇಂಥವರಿಗೆ ಸಂದೇಶ ಹೋಯಿತು, ತಲುಪಿತು ಅಥವಾ ತಲುಪಲಿಲ್ಲ ಎಂದು. ಈ ಸಾಲುಗಳಿಗೆ ಲಾಗ್ ಎನ್ನುತ್ತಾರೆ.

ಈ ಲಾಗ್ ಶಾಶ್ವತವೆಂದು ನಾನು ನಂಬಿದ್ದೆ. ರಾಮದುರ್ಗದ ಕಡೆ ಕಾಲುವೆಯ ಕೊನೆಯ ಭಾಗದ ರೈತರೊಬ್ಬರು, ತಮಗೆ ಪಾಳಿಯ ಸಂದೇಶ ಬರಲೇ ಇಲ್ಲವೆಂದು ತಕರಾರು ತೆಗೆದಾಗ, ನಿಜವೇನೆಂದು ನೋಡಲು ಕುಳಿತೆವು. ಆ ದಿನದ ಒಂದು ಸಾಲೂ ಇರಲಿಲ್ಲ. ಬಾಡಿಗೆಯ ಕ್ಲಸ್ಟರು ಲಾಗನ್ನು ಕೆಲವೇ ದಿನ ಇಟ್ಟುಕೊಂಡು ತಾನಾಗಿಯೇ ಅಳಿಸಿಬಿಡುತ್ತದೆಂಬುದು ಆಗ ತಿಳಿದು ನಾನು ದಂಗಾದೆ. ಸತ್ಯ ಹೇಳುತ್ತಿದ್ದವರು ರೈತರೋ ನಾವೋ ಎಂದು ಹೇಳಬಲ್ಲ ಏಕೈಕ ಸಾಕ್ಷಿ ಮಾಯವಾಗಿತ್ತು, ಮತ್ತು ಅದನ್ನು ಕಂಡು ನನ್ನ ಹೊರತು ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಲಾಗಿನ ಒಂದು ಧಾರೆ ನಮ್ಮ ಗಂಟೆಯ ಕಂಪ್ಯೂಟರಿಗೆ ಬರುತ್ತಿತ್ತಾದರೂ ಅದು ಕೇಳಿ, ಬಡಿದು, ಮರೆತುಬಿಡುವ ಯಂತ್ರ. ಆದ್ದರಿಂದ ಲಾಗನ್ನು ಬಹುಕಾಲ ಕಾದಿಡುವ ಬೇರೊಂದು ಸಂಗ್ರಹಕ್ಕೂ ಅದನ್ನು ಕಳಿಸುವ ವ್ಯವಸ್ಥೆಯಾಗಬೇಕೆಂದು ಒಕ್ಕೂಟ ತೀರ್ಮಾನಿಸಿತು. ಅದನ್ನು ಕಪ್ಪು ಪರದೆಯ ಮೇಲೆ ಆದೇಶಗಳನ್ನು ಒಂದೊಂದಾಗಿ ಬರೆದೇ ಮಾಡಬೇಕು. ಒತ್ತಲು ಗುಂಡಿ ಇಲ್ಲ, ಆರಿಸಲು ಚಿತ್ರವಿಲ್ಲ.

ಅಲ್ಲಿಯವರೆಗೆ ಇಂಥ ಕೆಲಸವೆಲ್ಲ ಪುಣೆಯ ಒಂದು ಕಂಪನಿಯ ಕೈಯಲ್ಲಿತ್ತು. ನಮ್ಮ ಕಚೇರಿಯಲ್ಲಿ ಗಂಟೆಯ ಮುಂದೆ ಕೂರುತ್ತಿದ್ದವಳು ಉಗರಗೋಳದ ಒಬ್ಬ ಹೆಣ್ಣುಮಗಳು. ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಚಚಡಿಗೆ ಹೋಗಿ, ಗಂಡನ ಮನೆಯ ಹೊಲ ಮತ್ತು ನಮ್ಮ ಕಚೇರಿ ಎರಡನ್ನೂ ನಿಭಾಯಿಸುತ್ತಿದ್ದಳು. ಕ್ಲಸ್ಟರನ್ನು ನಡೆಸುವ ಅಧಿಕಾರ, ಅಂದರೆ ಅದರ ಕೀಲಿಪದಗಳು, ಅವಳಿಗೇ ಸಿಗಬೇಕೆಂದು ನಾನು ಸಭೆಯಲ್ಲಿ ವಾದಿಸಿದೆ. ಒಕ್ಕೂಟ ಒಂದು ಷರತ್ತು ಹಾಕಿತು. ಕಂಪನಿಯ ಇಂಜಿನಿಯರ್ ಒಬ್ಬರ ಎದುರು ಅವಳು ಯಾರ ಸಹಾಯವೂ ಇಲ್ಲದೆ, ಬರೆದ ಕೈಪಿಡಿಯೊಂದನ್ನೇ ನೋಡಿಕೊಂಡು, ಹೊಸ ವ್ಯವಸ್ಥೆಯನ್ನು ಮಾಡಿ ತೋರಿಸಬೇಕು. ಮಾಡಿ ತೋರಿಸಿದರೆ ಕೀಲಿ ಅವಳದು. ಆಗದಿದ್ದರೆ ಗಂಟೆ ನೋಡುವ ಕೆಲಸವೂ ಸೇರಿ ಎಲ್ಲವೂ ಪುಣೆಗೆ ಹೋಗುತ್ತದೆ, ಅವಳ ಹುದ್ದೆಯೂ ಅಲ್ಲಿಗೆ ಮುಗಿಯುತ್ತದೆ.

ಕೈಪಿಡಿ ಬರೆಯುವ ಹೊಣೆಯನ್ನು ನಾನೇ ಬೇಡಿ ಪಡೆದೆ. ಬೈಲಹೊಂಗಲದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಅಲ್ಲಿ ಚೀಟಿ ಎತ್ತಿದ ಮೇಲೆಯೇ ವಿಷಯದ ಪರ ಮಾತನಾಡಬೇಕೋ ವಿರೋಧವೋ ಎಂಬುದು ಗೊತ್ತಾಗುತ್ತಿತ್ತು. ಆದರೆ ಒಂದು ವಿಷಯದಲ್ಲಿ ನಾನು ಎಂದೂ ಚೀಟಿ ಎತ್ತಿದವಳಲ್ಲ: ಕೆಲಸದ ಸೂಚನೆ ಕೆಲಸ ಮಾಡುವವರ ಭಾಷೆಯಲ್ಲಿಯೇ ಇರಬೇಕು. ತಮಗೆ ತಿಳಿಯದ ಮಾತನ್ನು ನೋಡಿ ನಕಲು ಮಾಡುವವರಿಗೆ ತಪ್ಪಾದಾಗ ಪ್ರಶ್ನೆ ಕೇಳುವ ಧೈರ್ಯ ಬರುವುದಿಲ್ಲ. ಇಂಗ್ಲಿಷಿನ ಸೂಚನೆಗಳನ್ನು ಓದುವಾಗ ಆ ಹೆಣ್ಣುಮಗಳು ಬೆರಳಿಟ್ಟು ಒಂದೊಂದೇ ಶಬ್ದವನ್ನು ಒಡೆದು ಓದುವುದನ್ನು ನಾನು ನೋಡಿದ್ದೆ. ಹೀಗಾಗಿ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆಯಲು ತೊಡಗಿದೆ. ಲಾಗಿಗೆ 'ದಾಖಲೆ ಸಾಲು' ಎಂದೆ. ಸಾಲುಗಳು ಹೋಗಿ ಸೇರುವ ಜಾಗಕ್ಕೆ 'ತಾಣ' ಎಂದೆ. ಫಾರ್ವರ್ಡ್ ಮಾಡುವುದಕ್ಕೆ ಬಹಳ ಯೋಚಿಸಿ 'ತಿರುವುವುದು' ಎಂಬ ಶಬ್ದವನ್ನು ಆರಿಸಿದೆ. ಸಾಲುಗಳು ಹರಿಯುತ್ತ ಬರುತ್ತವೆ, ನಾವು ಅವನ್ನು ತಾಣದ ಕಡೆಗೆ ತಿರುವುತ್ತೇವೆ. ನೀರಿನ ಒಕ್ಕೂಟದ ಕೈಪಿಡಿಗೆ ನೀರಿನದೇ ಶಬ್ದ ದೊರೆಯಿತೆಂದು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಅವಳಿಗೆ ಆ ಪುಟವನ್ನು ಓದಿ ಹೇಳಿದಾಗ ಅವಳು ಗಂಟೆಯ ಕಡೆಗೊಂದು ಕಿವಿ ಇಟ್ಟುಕೊಂಡೇ ಕೇಳಿದಳು.

"ಫಾರ್ವರ್ಡ್ ಅಂತ ಬರದ್ರ ಸಾಕಾಗತಿತ್ತಲ್ರೀ ಅಕ್ಕಾರ. ನಮ್ಮತ್ತಿ ಸೈತ ದಿನಾ ಮುಂಜಾನೆದ್ದು ದೇವರ ಫೋಟೋ ಊರ ತುಂಬ ಫಾರ್ವರ್ಡ್ ಮಾಡ್ತಾರ."

ಪರಭಾಷೆಯ ಶಬ್ದವೊಂದು ವಾಟ್ಸಾಪಿನಿಂದ ಬಾಯಿಗೆ ಬಂದ ಮಾತ್ರಕ್ಕೆ ಕೈಪಿಡಿಯೊಳಗೆ ಕುಳಿತುಕೊಳ್ಳಬೇಕೆಂದೇನೂ ಇಲ್ಲವೆಂದು ನಾನು ಸಾಕಷ್ಟು ವಿಸ್ತಾರವಾಗಿಯೇ ವಿವರಿಸಿದೆ. ಅವಳು ಕೈ ಮುಗಿದಂತೆ ಮಾಡಿ, ನೀವು ಮಾತಿಗೆ ನಿಂತರೆ ನಾನು ಸೋತೆ ಎಂದು ನಕ್ಕಳು. ವಾದದಲ್ಲಿ ಗೆದ್ದೆನೆಂಬ ಸಮಾಧಾನದಿಂದ ನಾನು ಆ ಸಂಜೆ ಬೈಲಹೊಂಗಲದ ಬಸ್ಸು ಹತ್ತಿದೆ.

ಪರೀಕ್ಷೆಯ ದಿನ ಪುಣೆಯಿಂದ ಬಂದವರು ನಿಪ್ಪಾಣಿ ಕಡೆಯ ಮನುಷ್ಯ. ಮರಾಠಿ ಬೆರೆತ ಕನ್ನಡವನ್ನು ಸಂಕೋಚವಿಲ್ಲದೆ ಮಾತನಾಡುತ್ತಿದ್ದರು. ಅವಳಿಗೆ ಕೆಡುಕು ಬಯಸುವ ಲಕ್ಷಣ ಅವರಲ್ಲಿ ನನಗೆ ಕಾಣಲಿಲ್ಲ. ಒಕ್ಕೂಟದ ಅಧ್ಯಕ್ಷರು ರಾಮದುರ್ಗದಿಂದ ಬಂದಿದ್ದರು. ಎಲ್ಲರೂ ಗೌಡ್ರು ಎಂದು ಕರೆಯುತ್ತಿದ್ದ ಆ ಹಿರಿಯರು ಗಂಟೆಯ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಇಂಜಿನಿಯರ್ ಪಕ್ಕದ ಕೋಣೆಯಲ್ಲಿ ಹೊಸ ಸಂಗ್ರಹದ ಪರದೆಯ ಮುಂದೆ ಕುಳಿತರು, ಅಲ್ಲಿಗೆ ಸಾಲುಗಳು ಬಂದು ಬೀಳುತ್ತವೋ ಇಲ್ಲವೋ ನೋಡಲು. ಅವಳಿಗೆ ನನ್ನ ಕೈಪಿಡಿ, ಕಪ್ಪು ಪರದೆ ಮತ್ತು ಆ ಹೊತ್ತಿಗಷ್ಟೇ ಕೊಟ್ಟ ಕೀಲಿಪದ. ನನಗೆ ಕಿಟಕಿಯ ಬಳಿಯ ಬೆಂಚು, ಬಾಯಿ ತೆರೆಯಬಾರದೆಂಬ ನಿಯಮ. ನಾನು ಕುಳಿತಲ್ಲಿಂದ ಅವಳ ಬೆನ್ನು ಕಾಣುತ್ತಿತ್ತೇ ಹೊರತು ಪರದೆ ಕಾಣುತ್ತಿರಲಿಲ್ಲ.

ಅವಳು ಬೆರಳಿಟ್ಟು ಓದಲಿಲ್ಲ. ಒಂದು ಪುಟವನ್ನು ಓದುತ್ತಿದ್ದಳು, ಆದೇಶ ಬರೆಯುತ್ತಿದ್ದಳು, ಉತ್ತರ ಬಂದ ಮೇಲೆ ಪುಟ ಹೊರಳಿಸುತ್ತಿದ್ದಳು. ಹೊಸ ತಾಣದ ವಿಳಾಸ ಬರೆದಳು, ಅದರ ಗುಪ್ತಪದ ಕೊಟ್ಟಳು, ವಿಳಾಸದಲ್ಲಿ ಒಂದು ಚುಕ್ಕೆ ತಪ್ಪಿದ್ದನ್ನು ತಾನೇ ಕಂಡು ತಿದ್ದಿದಳು. ಪಕ್ಕದ ಕೋಣೆಯಿಂದ ಇಂಜಿನಿಯರ್, ಸಾಲುಗಳು ಬರಲು ಹತ್ತಿವೆ ಎಂದು ಕೂಗಿ ಹೇಳಿದರು. ಅವಳು ತಿರುಗಿ ನೋಡಲಿಲ್ಲ. ಇನ್ನೂ ಏನೋ ಒಂದೆರಡು ಆದೇಶಗಳನ್ನು ಬರೆದು, ಕೈಪಿಡಿ ಮುಚ್ಚಿ, ಮುಗೀತ್ರಿ ಎಂದಳು.

ಚಹಾ ಬಂತು. ಗೌಡರು ಮಗಳ ಮದುವೆ ಗೊತ್ತಾದವರಂತೆ ನಗುತ್ತಿದ್ದರು. ಗಂಟೆಯೂ ಸುಮ್ಮನಾಗಿದೆ, ಇವತ್ತು ಎಲ್ಲರಿಗೂ ಸಂದೇಶ ಮುಟ್ಟುತ್ತಿದೆ, ಶಕುನ ಚಲೋ ಇದೆ ಎಂದರು. ಇಂಜಿನಿಯರ್ ಕೈಪಿಡಿಯನ್ನು ತಿರುವಿ ಹಾಕುತ್ತ, ಭಾಷೆ ಸ್ವಚ್ಛವಾಗಿದೆ ಎಂದು ನನ್ನನ್ನು ಮೆಚ್ಚಿದರು. ನಾನು ಆ ಮೆಚ್ಚುಗೆಯನ್ನು ಚಹಾದೊಂದಿಗೆ ಹೀರಿದೆ.

ಕೊನೆಯದಾಗಿ ಒಂದು ಪರೀಕ್ಷೆ ಉಳಿದಿದೆಯೆಂದು ಇಂಜಿನಿಯರ್ ತಮ್ಮ ಕಂಪ್ಯೂಟರಿನಿಂದ ಒಂದು ಪಾಳಿ ಸಂದೇಶವನ್ನು ಯಾರೂ ಬಳಸದ ಸತ್ತ ನಂಬರೊಂದಕ್ಕೆ ಕಳಿಸಿದರು. ಅದು ತಲುಪಲು ಸಾಧ್ಯವೇ ಇಲ್ಲ, ಗಂಟೆ ಬಡಿಯಲೇಬೇಕು. ನಾವೆಲ್ಲ ಗಂಟೆಯ ಕಡೆ ನೋಡಿದೆವು. ಅದು ಬಡಿಯಲಿಲ್ಲ. ಇನ್ನೊಮ್ಮೆ ಕಳಿಸಿದರು. ಬಡಿಯಲಿಲ್ಲ. ಗೌಡರು ಸ್ಪೀಕರಿನ ತಂತಿಯನ್ನು ಅಲುಗಾಡಿಸಿ ನೋಡಿದರು. ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

ಇಂಜಿನಿಯರ್ ಅವಳ ಪರದೆಯ ಮುಂದೆ ಬಾಗಿ, ಸಾಲುಗಳು ಎಲ್ಲೆಲ್ಲಿಗೆ ಹೋಗುತ್ತಿವೆಯೆಂದು ಕೇಳುವ ಆದೇಶ ಬರೆದರು. ಎರಡು ತಾಣಗಳ ಹೆಸರು ಬರಬೇಕಾದಲ್ಲಿ ಒಂದೇ ಬಂತು. ಹೊಸ ಸಂಗ್ರಹ ಇತ್ತು. ಗಂಟೆಯ ಕಂಪ್ಯೂಟರು ಇರಲಿಲ್ಲ. ಅವಳು ಹೊಸದನ್ನು ಕಟ್ಟಿದ ಕೂಡಲೇ, ಕೈಪಿಡಿಯಲ್ಲಿದ್ದ ತಾಣ ಅಳಿಸುವ ಆದೇಶ ಬಳಸಿ ಹಳೆಯದನ್ನು ಅಳಿಸಿದ್ದಳು. ಖಚಿತವೇ ಎಂದು ಯಂತ್ರ ಕೇಳಿತ್ತು, ಹೌದು ಎಂದು ಉತ್ತರವನ್ನೂ ಕೊಟ್ಟಿದ್ದಳು.

ನಿಯಮ ಮರೆತು ನಾನು ಎದ್ದು ನಿಂತಿದ್ದೆ.

"ತಂಗಿ, ಹಿಂದಿಂದು ಯಾಕ ಅಳಿಸಿದಿ?"

ಅವಳ ಮುಖದಲ್ಲಿ ಅಪರಾಧದ ಭಾವ ಇರಲಿಲ್ಲ. ನಾನು ಏನು ಕೇಳುತ್ತಿದ್ದೇನೆಂಬುದೇ ಅವಳಿಗೆ ಹೊಳೆಯದಂತಿತ್ತು.

"ನೀವ ಬರದೀರಲ್ರೀ ಅಕ್ಕಾರ, ಸಾಲು ತಿರುವ್ರಿ ಅಂತ. ಹೊಸಾ ಸಾಲಿನ ಬಾಯಿ ತಗದೆ, ಹಿಂದಿನ ಸಾಲಿನ ಬಾಯಿ ಕಟ್ಟಿದೆ. ಕಟ್ಟಲಿಲ್ಲಂದ್ರ ಎರಡೂ ಕಡೆ ಹರದು ಯಾವ ಸಾಲಿಗೂ ನೀರು ಸಾಲಂಗಿಲ್ಲ."

ಗೌಡರು ತಲೆಯಾಡಿಸಿದರು. ಅದು ಅಧ್ಯಕ್ಷರ ತಲೆಯಾಡಿಕೆಯಾಗಿರಲಿಲ್ಲ. ಸಲಿಕೆ ಹಿಡಿದು, ಸಾಲಿಗೂ ಸಾಲಿಗೂ ನಡುವಿನ ಮಣ್ಣಿನ ಬೋದುಗಳ ಮೇಲೆ ನಡೆದ ರೈತನ ಒಪ್ಪಿಗೆಯಾಗಿತ್ತು. ಅದು ನನ್ನನ್ನು ಇನ್ನಷ್ಟು ಕಂಗೆಡಿಸಿತು.

"ತಿರುವಿದ್ರ ಹಿಂದಿಂದು ಯಾಕ ಕಟ್ಟಬೇಕು?" ಎಂದೆ. "ಮ್ಯಾಲಿನ ಗದ್ದಿ ತುಂಬಿಕೊಂಡ ಇರತೈತಿ. ಅದರಾಗಿಂದ ಕೆಳಗಿನ ಗದ್ದಿಗೆ ತಿರುವತೇವಿ."

ಕೋಣೆಯಲ್ಲಿದ್ದ ಮೂವರೂ ನನ್ನನ್ನು ನೋಡಿದರು. ಗೌಡರು ಮೆಲ್ಲಗೆ ಕೇಳಿದರು.

"ಅಕ್ಕಾರ, ನಿಮ್ಮೂರ ಯಾವ ಕಡೆ ಬರತೈತ್ರಿ?"

"ಕಿತ್ತೂರ ಕಡೆ."

"ಹಂಗನ್ರಿ. ಭತ್ತದವರು. ನಿಮ್ಮಲ್ಲೆ ನೀರು ನಿಂದರತೈತಿ, ನಮ್ಮಲ್ಲೆ ನೀರು ನಡಿತೈತಿ."

ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ನಮ್ಮ ಊರಿನ ಗದ್ದೆಗಳು ಕಣ್ಣ ಮುಂದೆ ಬಂದವು: ಒಂದರ ಬದುವಿನಲ್ಲಿ ಕಂಡಿ ಬಿಟ್ಟರೆ ಕೆಳಗಿನದಕ್ಕೆ ನೀರು ಇಳಿಯುತ್ತದೆ, ಮೇಲಿನದು ಬರಿದಾಗುವುದಿಲ್ಲ. ತಿರುವು ಎಂದಾಗ ನನ್ನ ಮನಸ್ಸು ಅದನ್ನು ಕಂಡಿತ್ತು. ಅದೇ ಶಬ್ದವನ್ನು ಓದಿದಾಗ ಅವಳು ಕಂಡದ್ದು ಚಚಡಿಯ ಹೊಲದ ಗೋವಿನಜೋಳದ ಸಾಲುಗಳನ್ನು. ಅಲ್ಲಿ ಒಂದು ಸಾಲು ತುಂಬಿದ ಕೂಡಲೇ ಅದರ ಬಾಯಿಗೆ ಮಣ್ಣೆಳೆದು ಮುಂದಿನದನ್ನು ಬಿಡದವರು ಕೆಲಸಗಳ್ಳರು. ಅದರ ಮೇಲೆ ನಾನು ಲಾಗನ್ನು 'ಸಾಲು' ಎಂದು ಬೇರೆ ಕರೆದಿದ್ದೆ. ಸಾಲು ತಿರುವಿ ಎಂದು ಹೊಲದವರಿಗೆ ಹೇಳಿ, ಅವರು ಹಿಂದಿನ ಸಾಲು ಕಟ್ಟದೆ ಬರಬೇಕೆಂದು ಬಯಸಿದ್ದೆ. ಕನ್ನಡವೆಂದರೆ ಕನ್ನಡ ಎಂದು ಸಭೆ ಸಭೆಗಳಲ್ಲಿ ಹೇಳುತ್ತ ಬಂದವಳಿಗೆ, ನಾನು ದಿನಾ ಬಸ್ಸಿನಲ್ಲಿ ದಾಟುವ ದಾರಿಯ ನಡುವೆ ಎಲ್ಲಿಯೋ ಒಂದು ಶಬ್ದ ಮಗ್ಗುಲು ಬದಲಿಸುತ್ತದೆಂಬುದು ಅಂದಿನವರೆಗೆ ಗೊತ್ತಿರಲಿಲ್ಲ.

ಇಂಜಿನಿಯರ್ ತಮ್ಮ ಕುರ್ಚಿಗೆ ಮರಳಿ ಬೇಸರದಿಂದಲೇ ಹೇಳಿದರು: ನಡೆಯುತ್ತಿರುವ ತಾಣವನ್ನು ಅಳಿಸಿದವರಿಗೆ ಕೀಲಿ ಕೊಡುವಂತಿಲ್ಲ, ನಿಯಮ ಯಾರು ಬಂದರೂ ಅದೇ. ಆ ಮಾತು ಕೇಳಿದ ಮೇಲೆ ನನ್ನೊಳಗಿನ ಕಾಲೇಜು ಎದ್ದು ಕುಳಿತಿತು. ನಾನು ವಾದಿಸಿದೆ. ಪರೀಕ್ಷೆ ಇದ್ದದ್ದು ಕೈಪಿಡಿಯಂತೆ ನಡೆಯಬಲ್ಲಳೇ ಎಂಬುದಕ್ಕೆ. ಅವಳು ಅಕ್ಷರ ಬಿಡದೆ ನಡೆದಿದ್ದಾಳೆ. ಸಾಲು ತಿರುವಿ ಬಾ ಎಂದರೆ ಸವದತ್ತಿಯಿಂದ ರಾಮದುರ್ಗದವರೆಗೆ ಕಾಲುವೆಯ ಯಾವ ರೈತನಾದರೂ ಮಾಡುವುದು ಇದನ್ನೇ, ಬೇಕಾದರೆ ಅಧ್ಯಕ್ಷರನ್ನು ಕೇಳಿ. ತಪ್ಪಿರುವುದು ಓದಿದವಳಲ್ಲಲ್ಲ, ಓದಲು ಕೊಟ್ಟ ಮಾತಿನಲ್ಲಿ. ಒಂದೊಂದೇ ಕಲ್ಲಿಟ್ಟು ಗೋಡೆ ಕಟ್ಟಿದಂತೆ ವಾದ ಕಟ್ಟಿದೆ, ಎಲ್ಲಿಯೂ ಬಿರುಕಿರಲಿಲ್ಲ.

ಇಂಜಿನಿಯರ್ ಪೂರ್ತಿ ಕೇಳಿದರು.

"ಒಪ್ಪಿದೆ ಮೇಡಂ. ಹಂಗಾದ್ರ ಕೆಟ್ಟಿದ್ದು ಪುಸ್ತಕ. ಅದನ್ನ ತೆಗದ ಹಾಕೋಣ, ಇಂಗ್ಲಿಷಿಂದ ಇಡೋಣ. ಫಾರ್ವರ್ಡ್ ಅಂದ್ರ ಯಾರಿಗರ ತಿಳಿತದ. ಫಾರ್ವರ್ಡ್ ಮಾಡಿದ ಫೋಟೋ ಕಳಿಸಿದವರ ಹಂತ್ಯಾಕನೂ ಇರತದಲ್ಲ."

ಗೆಲ್ಲಲೆಂದು ಎತ್ತಿದ ಚೀಟಿಯಲ್ಲಿ ನನ್ನ ವಿರುದ್ಧದ ತೀರ್ಪೇ ಬರೆದಿತ್ತು. ಅವಳನ್ನು ಉಳಿಸಲು ಕಟ್ಟಿದ ಗೋಡೆಯ ಕೆಳಗೆ ನಾನು ನಂಬಿದ್ದೆಲ್ಲ ಸಿಕ್ಕಿಕೊಂಡಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಬೆಚ್ಚಿಸಿದ್ದು ಆ ಫೋಟೋದ ಮಾತು. ಅವಳ ಅತ್ತೆ ದಿನವೂ ಕಳಿಸುವ ದೇವರ ಫೋಟೋ ಅತ್ತೆಯ ಫೋನಿನಲ್ಲಿಯೂ ಇದ್ದೇ ಇರುತ್ತದೆ. ನಾನು ಬಾಗಿಲಾಚೆ ನಿಲ್ಲಿಸಿದ ಶಬ್ದದ ಅರ್ಥ ಮನೆ ಮನೆಯ ಮುದುಕಿಯರಿಗೂ ಗೊತ್ತಿತ್ತು.

ನಾವು ಮೂವರೂ ಶಬ್ದದ ಸುತ್ತ ನಿಂತಿದ್ದಾಗ ಅವಳ ಲಕ್ಷ್ಯ ಅಲ್ಲಿರಲಿಲ್ಲ. ಕೈಪಿಡಿಯನ್ನು ಮತ್ತೆ ತೆರೆದು ಕಪ್ಪು ಪರದೆಯ ಮುಂದೆ ಕುಳಿತಿದ್ದಳು. ಹೊಸ ತಾಣ ಕಟ್ಟುವ ಪುಟವನ್ನೇ ನೋಡಿಕೊಂಡು ಗಂಟೆಯ ಕಂಪ್ಯೂಟರಿನ ವಿಳಾಸವನ್ನು ಅಲ್ಲಿ ಬರೆದಳು. ಹಳೆಯದನ್ನು ಮರಳಿ ಕಟ್ಟುವುದು ಹೇಗೆಂದು ನಾನು ಎಲ್ಲಿಯೂ ಬರೆದಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಂಟೆ ಟಿಣ್ ಎಂದಿತು. ಗೌಡರು ಕುರ್ಚಿಯಿಂದ ಅರ್ಧ ಎದ್ದರು.

"ನಡುವ ಹೋದದ್ದು?" ಎಂದು ಅವರು ಕೇಳಿದರು.

"ಅದು ಗಂಟಿಗೆ ಬರಂಗಿಲ್ರೀ ಗೌಡ್ರ. ಹಳೇದು ಅಳಿಸಿದ ಮ್ಯಾಲಿಂದು ಸಂಗ್ರಹದಾಗ ಐತಿ. ನಾ ಚುಕ್ಕಿ ತಪ್ಪಿ ತಿದ್ದಕೋತ ಕುಂತಾಗ ಬಂದದ್ದು ಅಲ್ಲೂ ಇಲ್ಲ."

ಅವಳು ತಿದ್ದುತ್ತಿದ್ದ ಹೊತ್ತಿಗೆ ಹಳೆಯ ತಾಣ ಇನ್ನೂ ಇತ್ತಲ್ಲ, ಆಗಿನದು ಗಂಟೆಗೆ ಬಂದೇ ಇರಬೇಕೆಂದು ಇಂಜಿನಿಯರ್ ಸಮಾಧಾನ ಹೇಳಿದರು. ಬಂದಿರಬಹುದು, ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಯಾರೂ ಫೋನ್ ಹಚ್ಚಲಿಲ್ಲ ಎಂದಳು. ಅದು ನಿಜವಾಗಿತ್ತು. ಬೆಳಿಗ್ಗೆಯಿಂದ ಗಂಟೆಯ ಮುಂದೆ ಕುಳಿತಿದ್ದ ಗೌಡರು ಅದು ಸುಮ್ಮನಾದಾಗ ಸಂತೋಷಪಟ್ಟಿದ್ದರೇ ಹೊರತು ಬಡಿದಾಗ ಫೋನ್ ಎತ್ತಿರಲಿಲ್ಲ. ಅದು ಅವಳ ಕೆಲಸ, ಅವಳು ಪರೀಕ್ಷೆಯಲ್ಲಿದ್ದಳು. ಸಂಜೆಗೆ ಕಾಲುವೆಯ ಕೆಳಭಾಗದ ತೂಬುಗಳು ತೆರೆಯಲಿದ್ದವು. ಯಾರಿಗೆ ಸಂದೇಶ ಮುಟ್ಟಿಲ್ಲವೆಂದು ಹುಡುಕುತ್ತ ಕುಳಿತರೆ ಹೊತ್ತು ಮೀರುತ್ತದೆ, ಸಂಜೆ ಪಾಳಿ ಇರುವ ಎಲ್ಲರಿಗೂ ಫೋನ್ ಹಚ್ಚಿಬಿಡೋಣ ಎಂದು ಅವಳು ಹೇಳಿದಳು. ಹೇಳಿದ್ದಷ್ಟೇ ಅಲ್ಲ, ಊರುಗಳನ್ನು ನಮ್ಮ ನಾಲ್ವರಿಗೂ ಹಂಚಿಯೂ ಬಿಟ್ಟಳು. ಮೇಲಿನ ಊರುಗಳು ನನಗೆ, ರಾಮದುರ್ಗದ ಕಡೆಯವು ಗೌಡರಿಗೆ, ಮರಾಠಿ ಬಲ್ಲ ಕೆಲವು ಮನೆಗಳು ಪುಣೆಯಿಂದ ಬಂದವರಿಗೆ. ಪರೀಕ್ಷೆ ಮಾಡಲು ಬಂದವರು ಪರೀಕ್ಷೆ ಬರೆಯುತ್ತಿದ್ದವಳ ಮಾತಿಗೆ ಎದುರಾಡದೆ ಫೋನ್ ಎತ್ತಿಕೊಂಡದ್ದನ್ನು ನಾನು ಕಣ್ಣರಳಿಸಿ ನೋಡಿದೆ.

ಕೋಣೆಯ ತುಂಬ ನೀರಿನ ಮಾತು ತುಂಬಿತು. ಬಹಳಷ್ಟು ಮಂದಿ, ಸಂದೇಶ ಬಂದಿದೆ, ಮತ್ತ್ಯಾಕ ಫೋನ್ ಮಾಡೀರಿ ಎಂದು ನಕ್ಕರು. ಒಬ್ಬ ಅಜ್ಜಿ ನನ್ನನ್ನು ಬ್ಯಾಂಕಿನವಳೆಂದು ತಿಳಿದು ಬೈದು ಫೋನ್ ಇಟ್ಟರು. ಸಂದೇಶ ಮುಟ್ಟದ ಒಬ್ಬ ರೈತರು ಇಂಜಿನಿಯರ್ ಅವರ ಪಾಲಿಗೇ ಸಿಕ್ಕರು. ಕಾಲುವೆಯ ತೀರ ಕೊನೆಯ ಹೊಲದವರು, ಸಂದೇಶ ಹೋಗುವ ಮಗನ ಫೋನ್ ಕೆಟ್ಟಿತ್ತು. ಮನೆಯ ಇನ್ನೊಂದು ನಂಬರಿಗೆ ಹಚ್ಚಿದಾಗ ಸಿಕ್ಕ ಅವರು ಪಾಳಿ ನಾಳೆಯೆಂದು ತಿಳಿದು ಬೀಗರ ಊರಿಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಇಂಜಿನಿಯರ್ ಅವರಿಗೆ ಮೂರು ಸಲ ತಿಳಿಸಿ ಹೇಳಿದ ಮೇಲೆಯೇ ಫೋನ್ ಇಟ್ಟರು. ಪುಣೆಯಲ್ಲಿ ಕುಳಿತು ಅವರು ಇಂಥ ಎಷ್ಟೋ ತಾಣಗಳನ್ನು ಕಟ್ಟಿರಬೇಕು, ಅಳಿಸಿರಬೇಕು. ಅದರ ಇನ್ನೊಂದು ತುದಿಯಲ್ಲಿ ಬಸ್ಸಿಗೆ ನಿಂತ ಮನುಷ್ಯನ ದನಿಯನ್ನು ಅವರು ಮೊದಲ ಸಲ ಕೇಳಿದ್ದರೆಂದು ನನಗೆ ತೋರಿತು.

ಎಲ್ಲ ಮುಗಿದ ಮೇಲೆ ಗೌಡರು, ಈಗ ಏನು ಮಾಡುವುದು ಹೇಳಿ ಎಂದರು. ಇಂಜಿನಿಯರ್, ನಿಯಮ ನಿಯಮವೇ, ಆದರೆ ಅಳಿಸಿದ್ದನ್ನು ಯಾರೂ ಹೇಳಿಕೊಡದೆ ತಿರುಗಿ ಕಟ್ಟಿದ್ದನ್ನೂ ತಾವು ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದರು. ಇಂಗ್ಲಿಷ್ ಪುಸ್ತಕ ಕೊಟ್ಟು ಮತ್ತೊಮ್ಮೆ ಪರೀಕ್ಷೆ ಮಾಡೋಣವೇ ಎಂದು ಅವಳನ್ನೇ ಕೇಳಿದರು.

"ಕನ್ನಡದಾಗ ಓದಿ ಒಂದ ಅಳಿಸೇನ್ರಿ," ಎಂದಳು ಅವಳು. "ಇಂಗ್ಲಿಷಿನ್ಯಾಗ ಓದಿದ್ರ ಏನ ಅಳಿಸಿದೆ ಅನ್ನೂದ ಗೊತ್ತಾಗತಿರಲಿಲ್ಲ."

ಮೊದಲು ನಕ್ಕವರು ಇಂಜಿನಿಯರ್. ಗೌಡರು ನಗುತ್ತ ನಗುತ್ತಲೇ, ಕೀಲಿ ನಿನ್ನ ಕಡೆ ಇರಲಿ ಯವ್ವಾ, ಆದರೆ ಯಾವ ಬಾಯಿಯನ್ನಾದರೂ ಕಟ್ಟುವ ಮೊದಲು ಒಂದು ಫೋನ್ ಮಾಡು ಎಂದರು. ಕೈಪಿಡಿ ತಿದ್ದಿದ ಮೇಲೆ, ಅದನ್ನು ಎಂದೂ ನೋಡದ ಒಬ್ಬರಿಂದ ರಾಮದುರ್ಗದ ಕಚೇರಿಯಲ್ಲಿ ಮಾಡಿಸಿ ನೋಡಬೇಕೆಂಬ ಷರತ್ತನ್ನು ಇಂಜಿನಿಯರ್ ಸೇರಿಸಿದರು. ವಾದದಿಂದ ನಾನು ಮಾಡಲಾರದ್ದನ್ನು ಅವಳು ಒಂದು ಕುಚೇಷ್ಟೆಯ ಮಾತಿನಿಂದ ಮಾಡಿದ್ದಳು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಮನಸ್ಸು ಹಗುರಾಗದೆಯೇ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಯಾರೋ, ಗಾಡಿ ಆ ಕಡೆ ತಿರುವ್ರಿ ಎಂದು ಡ್ರೈವರಿಗೆ ಹೇಳಿದಾಗ ನಾನು ಬೆದರಿದವಳಂತೆ ತಿರುಗಿ ನೋಡಿದೆ. ಇಷ್ಟು ದಿನ ನಾನು ಬಳಸಿದ ಶಬ್ದಗಳಲ್ಲಿ ಇನ್ನೆಷ್ಟು ಹೀಗೆ ಊರಿಗೊಂದು ಅರ್ಥ ಇಟ್ಟುಕೊಂಡು ಸುಮ್ಮನೆ ಕುಳಿತಿವೆಯೋ ಎಂಬ ದಿಗಿಲು ದಾರಿಯುದ್ದಕ್ಕೂ ಬಿಡಲಿಲ್ಲ.

ಮನೆಗೆ ಬಂದು ಕೈಪಿಡಿಯ ಪುಟ ಪುಟವನ್ನೂ ತಿದ್ದಿದೆ. 'ತಿರುವಿ' ಎಂದಿದ್ದಲ್ಲೆಲ್ಲ 'ಫಾರ್ವರ್ಡ್ ಮಾಡಿ' ಎಂದು ಬರೆದೆ. ಹಾಗೆ ಬರೆಯುವಾಗ ಪ್ರತಿ ಸಲವೂ ಏನೋ ಒಂದನ್ನು ಬಿಟ್ಟುಕೊಟ್ಟಂತಾಯಿತು, ಆದರೂ ಬರೆದೆ. ಅಚ್ಚಿಗೆ ಕಳಿಸಲು ಅವಳಿಗೆ ಒಪ್ಪಿಸಿದೆ. ಈಗ ಕೈಪಿಡಿಯ ಪಾಲನೆಯೂ ಅವಳ ಕೆಲಸವೇ ಆಗಿತ್ತು.

ರಾಮದುರ್ಗದ ಕಚೇರಿಯಲ್ಲಿ ಅಚ್ಚಾದ ಪ್ರತಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಅಲ್ಲಿಯ ಲೆಕ್ಕಪತ್ರದ ಒಬ್ಬ ನಡುವಯಸ್ಸಿನ ಗುಮಾಸ್ತರು ಕಪ್ಪು ಪರದೆಯ ಮುಂದೆ ಕುಳಿತಿದ್ದರು. ಅವರು ಈ ಪುಸ್ತಕವನ್ನಾಗಲಿ ಇಂಥ ಪರದೆಯನ್ನಾಗಲಿ ಕಂಡವರಲ್ಲ. ಪರೀಕ್ಷೆಗೆಂದು ಹೊಸ ಸಂಗ್ರಹವನ್ನು ಪಟ್ಟಿಯಿಂದ ತೆಗೆದು ಗಂಟೆಯೊಂದನ್ನೇ ಉಳಿಸಿದ್ದೆವು. ನಾನು ಬೆಂಚಿನ ಮೇಲೆ ಕುಳಿತು, ತಾಣ ಕಟ್ಟುವ ಪುಟವನ್ನು ತೆರೆದೆ. ನಾನು ಬರೆದ 'ಫಾರ್ವರ್ಡ್' ಅಲ್ಲಿರಲಿಲ್ಲ. ದಪ್ಪ ಅಕ್ಷರದಲ್ಲಿ ಹೀಗಿತ್ತು:

'ದಾಖಲೆ ಸಾಲುಗಳನ್ನು ಹೊಸ ತಾಣಕ್ಕೆ ತಿರುವಿ. ಹಿಂದಿನ ಸಾಲಿನ ಬಾಯಿ ಕಟ್ಟಬೇಡಿ. ಇದು ಕಿತ್ತೂರಿನ ತಿರುವು, ಸವದತ್ತಿಯದಲ್ಲ.'

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಹೊರಗೆ ಹೋಗಿ ಅವಳಿಗೆ ಫೋನ್ ಹಚ್ಚಿ, ನನ್ನನ್ನು ಕೇಳದೆ ಯಾಕೆ ಬದಲಿಸಿದೆ ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

"ಫಾರ್ವರ್ಡ್ ಅಂದ್ರ ಎಲ್ಲಾರೂ ನೋಡದ ಕಳಸ್ತಾರ್ರೀ ಅಕ್ಕಾರ," ಎಂದಳು. "ತಿರುವೂದಂದ್ರ ನಿಂತು, ನೀರು ಎಲ್ಲಿ ಹೊಂಟೈತಿ ಅಂತ ನೋಡಿ ತಿರುವ್ತಾರ."

ಒಳಗೆ ಗುಮಾಸ್ತರು ಆ ಸಾಲನ್ನು ಗಟ್ಟಿಯಾಗಿ ಓದಿ, ಕಿತ್ತೂರಿಂದಂತ ಎಂದು ತಮ್ಮಷ್ಟಕ್ಕೆ ನಕ್ಕು, ಆದೇಶ ಬರೆದರು. ಸಾಲುಗಳು ಎಲ್ಲಿಗೆ ಹೋಗುತ್ತಿವೆಯೆಂದು ಕೇಳಿದಾಗ ಪರದೆಯ ಮೇಲೆ ಹಳೆಯದೂ ಹೊಸದೂ ಎರಡೂ ಹೆಸರುಗಳು ಬಂದದ್ದು ಬಾಗಿಲಿನಿಂದ ಕಂಡಿತು. ಫೋನ್ ಇನ್ನೂ ನನ್ನ ಕಿವಿಯಲ್ಲಿಯೇ ಇತ್ತು. ಆ ತುದಿಯಲ್ಲಿ, ಸವದತ್ತಿಯ ಕಚೇರಿಯಲ್ಲಿ, ಗಂಟೆ ಟಿಣ್ ಎಂದಿತು. ಇಡತೇನ್ರೀ ಅಕ್ಕಾರ, ಯಾರಿಗೋ ಮುಟ್ಟಿಲ್ಲ ಎಂದು ಅವಳು ಫೋನ್ ಇಟ್ಟಳು.